ಗಣಕತಜ್ಞರ ಸ್ವಯಂಸೇವೆ

ಬೆಂಗಳೂರಿನ ಗಣಕೋದ್ಯಮದಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷ ದುಡಿದು ಕೈಪಳಗಿದವರಲ್ಲಿ ಒಂದು ವಾಡಿಕೆ ಬೆಳೆಯುತ್ತಲಿದೆ. ಸಂಬಳದ ಕೆಲಸ ಮುಗಿದ ಮೇಲೆ, ಸಂಭಾವನೆಯನ್ನು ಬಯಸದೆ, ತಮ್ಮ ತಿಳಿವಳಿಕೆಯನ್ನು ಹೊರಗಿನವರಿಗೆ ಕೊಡುವುದೇ ಆ ವಾಡಿಕೆ. ಒಬ್ಬರು ವೃತ್ತಿಬಾಂಧವರ ಸಂಘದಲ್ಲಿ ಕಿರಿಯರಿಗೆ ದಾರಿ ತೋರಿಸುತ್ತಾರೆ. ಇನ್ನೊಬ್ಬರು ಕಾಲೇಜಿನ ಪಠ್ಯಸಮಿತಿಯಲ್ಲಿ ಕುಳಿತುಕೊಳ್ಳುತ್ತಾರೆ. ಮತ್ತೊಬ್ಬರು ಸರ್ಕಾರದ ಸಲಹಾಮಂಡಳಿಗೆ ಸದಸ್ಯರಾಗುತ್ತಾರೆ. ಬೇರೊಬ್ಬರು ಒಬ್ಬರಿಗೆಂದು ಸೇರದೆ ಎಲ್ಲರಿಗೂ ಸೇರಿದ ತಂತ್ರಾಂಶವೊಂದರ ಲೋಪವನ್ನು ರಾತ್ರಿಯ ಹೊತ್ತು ಕುಳಿತು ತಿದ್ದುತ್ತಾರೆ. ಇದು ಶ್ಲಾಘ್ಯವಾದ ವಾಡಿಕೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಶ್ಲಾಘಿಸಿ ಸುಮ್ಮನಾಗುವುದು ಪತ್ರಿಕೆಯ ಧರ್ಮವಲ್ಲ. ಹೀಗೆ ಕೊಟ್ಟ ತಿಳಿವಳಿಕೆಯಲ್ಲಿ ನಾಡಿಗೆ ದಕ್ಕುವುದೆಷ್ಟು, ದಕ್ಕದೆ ಹೋಗುವುದೆಷ್ಟು, ದಕ್ಕದಿದ್ದರೆ ಲೋಪವು ಎಲ್ಲಿದೆ ಎಂಬುದನ್ನು ವಿಚಾರಮಾಡಬೇಕಾದ ಕಾಲ ಬಂದಿದೆ. ನಮ್ಮ ಮತವನ್ನು ಮೊದಲೇ ಹೇಳಿಬಿಡುತ್ತೇವೆ. ಪರಿಣತಿಯ ದಾನವು ಲೋಕೋಪಯೋಗಿಯಾಗಬೇಕಾದರೆ ಕೊಡುವವರಿಗೂ ಪಡೆಯುವವರಿಗೂ ಕಟ್ಟುಪಾಡುಗಳಿರಬೇಕು. ಅವಿಲ್ಲದ ದಾನವು ಕೊಟ್ಟವರನ್ನು ಬಳಲಿಸುತ್ತದೆ, ಇಲ್ಲವೆ ಪಡೆದವರನ್ನು ವಂಚಿಸುತ್ತದೆ.

ಸಂಬಳವಿಲ್ಲದ ಕೆಲಸವೆಂದರೆ ಹೊತ್ತುಹೋಗದವರ ಕೆಲಸವೆಂದು ತಿಳಿದವರು ನಮ್ಮಲ್ಲಿ ಕಡಮೆಯಿಲ್ಲ. ಅಂಥವರು ಅಂತರಜಾಲದ ಹುಟ್ಟನ್ನು ನೋಡಬೇಕು. 1969ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಲಾಸ್ ಏಂಜಲಿಸ್ ನಗರದ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದ ಸ್ಟೀವ್ ಕ್ರಾಕರ್ ಎಂಬವರು, ದೂರದೂರದ ಗಣಕಗಳು ಒಂದರೊಡನೊಂದು ವ್ಯವಹರಿಸುವ ಬಗೆಯನ್ನು ಕುರಿತು ಒಂದು ಟಿಪ್ಪಣಿಯನ್ನು ಬರೆದು ಜೊತೆಗಾರರಿಗೆ ಹಂಚಿದರು. ಅದನ್ನು ನಿಯಮವೆಂದು ಕರೆಯಲು ಅವರು ಅಂಜಿ, 'ಅಭಿಪ್ರಾಯಗಳಿಗಾಗಿ ಕೋರಿಕೆ' ಎಂಬ ವಿನಯದ ಹೆಸರನ್ನಿಟ್ಟರು. ಆ ಹೆಸರೇ ನಿಂತಿತು. ಅದೇ ಸಾಲಿನ ಟಿಪ್ಪಣಿಗಳ ಸಂಖ್ಯೆ ಇಂದು ಒಂಬತ್ತು ಸಾವಿರವನ್ನು ಮೀರಿದೆ. ಜಗತ್ತಿನ ಅಂತರಜಾಲವೆಲ್ಲ ಅವುಗಳ ಆಧಾರದ ಮೇಲೆ ನಡೆಯುತ್ತಲಿದೆ. ಈ ಕೆಲಸವನ್ನು ನೋಡಿಕೊಳ್ಳುವ ಇಂಟರ್ನೆಟ್ ಇಂಜಿನಿಯರಿಂಗ್ ಟಾಸ್ಕ್ ಫೋರ್ಸ್ ಎಂಬ ತಜ್ಞರ ಕೂಟವು 1986ನೆಯ ಜನವರಿಯಲ್ಲಿ ಮೊದಲ ಸಭೆ ಸೇರಿದಾಗ ಬಂದಿದ್ದವರು 21 ಮಂದಿ ಮಾತ್ರ. ಇಂದಿಗೂ ಅದಕ್ಕೆ ಸದಸ್ಯತ್ವವೆಂಬುದಿಲ್ಲ. ಬಂದವರು ತಮ್ಮ ಕಂಪೆನಿಯ ಅಥವಾ ಸರ್ಕಾರದ ಪ್ರತಿನಿಧಿಗಳೆಂದು ಮಾತಾಡುವಂತಿಲ್ಲ, ವ್ಯಕ್ತಿಗಳಾಗಿ ಮಾತಾಡಬೇಕು. ಮತ ಎಣಿಸುವ ಪದ್ಧತಿಯೂ ಇಲ್ಲ. ಸಭಿಕರು ಬಾಯಿಮುಚ್ಚಿ ಗುಂಯ್‌ಗುಟ್ಟುವ ಸದ್ದಿನಿಂದ ಸಭೆಯ ಒಲವನ್ನು ತಿಳಿದು, ಆಕ್ಷೇಪಣೆಗಳಿಗೆಲ್ಲ ಸಮಾಧಾನ ಹೇಳಿ, ಸ್ಥೂಲವಾದ ಸಮ್ಮತಿ ದೊರೆತ ಮೇಲೆ ಮುಂದುವರಿಯುವುದು ಅಲ್ಲಿಯ ರೀತಿ. ಬರುವವರಲ್ಲಿ ಅನೇಕರ ಹೊತ್ತಿಗೂ ಪ್ರಯಾಣಕ್ಕೂ ಅವರವರ ಕಂಪೆನಿಗಳು ವೆಚ್ಚ ಕೊಡುವುದುಂಟು. ಆದರೆ ಕೊಟ್ಟ ಮಾತ್ರಕ್ಕೆ ಕಂಪೆನಿಯ ಮಾತು ಹೆಚ್ಚು ತೂಗಲಾರದು. ಮಾತಿನಲ್ಲಿರುವ ಯುಕ್ತಿಯೇ ತೂಗಬೇಕು. ಕಟ್ಟುಪಾಡಿನಿಂದ ನಡೆದ ಸ್ವಯಂಸೇವೆಯು ಎಷ್ಟು ದೂರ ಸಾಗಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವನ್ನು ನಾವು ಕಾಣೆವು.

ಪರದೇಶದ ಮಾತೇಕೆ? ಇಂದು ನಮ್ಮ ಗುಮಾಸ್ತರೂ ಗ್ರಂಥಕರ್ತರೂ ಗಣಕಯಂತ್ರದಲ್ಲಿ ಕನ್ನಡವನ್ನು ಲೀಲಾಜಾಲವಾಗಿ ಬರೆಯುತ್ತಿರುವುದು ಯಾರ ಶ್ರಮದಿಂದ? ಕನ್ನಡದ ಸಮಸ್ತ ಅಕ್ಷರಗಳನ್ನೂ ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಅಡಕಮಾಡುವ ವಿನ್ಯಾಸವನ್ನು ಶ್ರೀ ಕೆ. ಪಿ. ರಾಯರು ರೂಪಿಸಿದರು, ರಾಜ್ಯಸರ್ಕಾರವು ಒಪ್ಪಿಕೊಂಡ ಕೀಲಿಮಣೆಗೆ ಅದೇ ತಳಹದಿಯಾಯಿತು. ಶ್ರೀ ಶೇಷಾದ್ರಿವಾಸುಗಳು 1998ರಲ್ಲಿ 'ಬರಹ' ತಂತ್ರಾಂಶವನ್ನು ಉಚಿತವಾಗಿ ಹಂಚಿದರು; ಊರಿಂದ ದೂರವಿದ್ದ ಸಾವಿರಾರು ಕನ್ನಡಿಗರು ಅದರಿಂದ ಮೊದಲ ಬಾರಿಗೆ ಗಣಕದಲ್ಲಿ ತಾಯ್ನುಡಿಯನ್ನು ಬರೆದರು. ಕನ್ನಡ ಗಣಕ ಪರಿಷತ್ತಿನವರು ಸರ್ಕಾರದೊಡನೆ ಕೂಡಿ 'ನುಡಿ'ಯನ್ನು ಹೊರತಂದರು. 2003ರಲ್ಲಿ ಪ್ರಾರಂಭವಾದ ಕನ್ನಡ ವಿಕಿಪೀಡಿಯವನ್ನು ಬರೆದು ತಿದ್ದುತ್ತಿರುವವರು ಕೂಲಿಯನ್ನು ಎಣಿಸಿದವರಲ್ಲ.

ಇವೆಲ್ಲ ಕಣ್ಣಿಗೆ ಕಾಣುವ ಕೆಲಸಗಳು. ಕಣ್ಣಿಗೆ ಕಾಣದವು ಇನ್ನೂ ಹೆಚ್ಚಿನವು. ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆಯನ್ನು ಕೊಡುವ ಯೂನಿಕೋಡ್ ಎಂಬ ಸಂಕೇತಪದ್ಧತಿಯಲ್ಲಿ ಕನ್ನಡಕ್ಕೆ 1991ರಿಂದಲೇ 128 ಸ್ಥಾನಗಳು ಮೀಸಲಾಗಿವೆ. ಆದರೆ ಹಳೆಯ ಶಾಸನಗಳಲ್ಲಿ ಕಾಣುವ ನಕಾರಪೊಲ್ಲು, ಎಂದರೆ ಸ್ವರವಿಲ್ಲದ ನಕಾರದ ವಿಶೇಷ ರೂಪವು, ಆ ಪಟ್ಟಿಯನ್ನು ಸೇರಿದುದು 2021ರಲ್ಲಿ. ಮೂವತ್ತು ವರ್ಷಗಳವರೆಗೆ ಆ ಅಕ್ಷರಕ್ಕೆ ಗಣಕದಲ್ಲಿ ನೆಲೆಯಿರಲಿಲ್ಲ. ಇಂಥ ಅಕ್ಷರವನ್ನು ಸೇರಿಸಬೇಕೆಂದು ಆಧಾರಸಹಿತವಾಗಿ ಕೋರುವ ಅಧಿಕಾರವು ಯಾವ ವ್ಯಕ್ತಿಗಾದರೂ ಉಂಟು. ಕೋರುವವರಿಲ್ಲದಿದ್ದರೆ ಅಕ್ಷರವು ತಾನಾಗಿ ಬಂದು ಕುಳಿತುಕೊಳ್ಳಲಾರದು. ಅಂತರಜಾಲದ ವಿಳಾಸಗಳನ್ನು ದೇಶಭಾಷೆಗಳಲ್ಲಿ ಬರೆಯುವುದಕ್ಕೆ ನಿಯಮಗಳನ್ನು ರಚಿಸಿದಾಗಲೂ ಹೀಗೆಯೇ ಆಯಿತು. ಕನ್ನಡವೂ ಸೇರಿದಂತೆ ಬ್ರಾಹ್ಮಿಯಿಂದ ಹುಟ್ಟಿದ ಒಂಬತ್ತು ಲಿಪಿಗಳಿಗಾಗಿ ಸ್ವಯಂಸೇವಕರ ಮಂಡಳಿಯೊಂದು ಕುಳಿತು ಚರ್ಚಿಸಿತು; ಕನ್ನಡದ ನಿಯಮಗಳು 2019ರಲ್ಲಿ ಅಂಗೀಕೃತವಾದವು. ಕನ್ನಡದ ಗಕಾರ ರಕಾರಗಳಿಗೂ ತೆಲುಗಿನ ಗಕಾರ ರಕಾರಗಳಿಗೂ ರೂಪದಲ್ಲಿ ಅಂತರ ಸ್ವಲ್ಪವೇ. ಒಂದು ಲಿಪಿಯ ಹೆಸರನ್ನು ಇನ್ನೊಂದರ ಅಕ್ಷರಗಳಿಂದ ಬರೆದು ಬ್ಯಾಂಕಿನ ಗ್ರಾಹಕನನ್ನು ಮೋಸದ ವಿಳಾಸಕ್ಕೆ ಎಳೆಯುವುದು ಕಷ್ಟವಲ್ಲ. ಈ ಅಪಾಯವು ಎರಡೂ ಲಿಪಿಗಳನ್ನು ಬಲ್ಲವರ ಕಣ್ಣಿಗೆ ಮಾತ್ರ ಬೀಳುವಂಥದು. ಅಂಥವರು ಆ ಸಭೆಯಲ್ಲಿ ಇಲ್ಲದೆ ಹೋದರೆ ನಿರ್ಣಯವಂತೂ ಆಗಿಯೇ ತೀರುತ್ತದೆ. ನಮ್ಮ ಪರವಾಗಿ ಬೇರೆಯವರು ನಿರ್ಣಯಿಸಿರುತ್ತಾರೆ. ನಮ್ಮ ತಜ್ಞರ ಸ್ವಯಂಸೇವೆಯಲ್ಲಿ ಪಣಕ್ಕಿಟ್ಟಿರುವುದು ಏನೆಂಬುದನ್ನು ವಾಚಕರು ಇದರಿಂದ ಊಹಿಸಬಹುದು.

ಇನ್ನು ಲೋಪಗಳ ವಿಚಾರ. ಮೊದಲನೆಯದು ಪಡೆಯುವವರ ಔದಾಸೀನ್ಯ. 'ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ' ಎಂಬ ಗಾದೆಯನ್ನು ಜಗತ್ತಿನ ದೊಡ್ಡ ದೊಡ್ಡ ಕಂಪೆನಿಗಳು ಅಕ್ಷರಶಃ ಪಾಲಿಸುತ್ತ ಬಂದಿವೆ. 2014ರ ಏಪ್ರಿಲ್ ತಿಂಗಳಲ್ಲಿ ಓಪನ್ ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ಒಂದು ಬಿರುಕು ಬಯಲಿಗೆ ಬಂದಿತು. ಬ್ಯಾಂಕುಗಳೂ ಅಂಗಡಿಗಳೂ ಗ್ರಾಹಕರ ಗುಟ್ಟಿನ ಪದಗಳನ್ನು ಕಾಪಾಡಲು ಬಳಸುತ್ತಿದ್ದ ಬೀಗವೇ ಅದು. ಎರಡು ವರ್ಷಗಳಿಂದ ಬಿರುಕುಬಿಟ್ಟಿದ್ದ ಆ ಬೀಗವನ್ನು ಯಾರೂ ಗಮನಿಸಿರಲಿಲ್ಲ. ವಿಚಾರಿಸಿ ನೋಡಿದರೆ, ಕೋಟ್ಯಂತರ ಜನರ ವ್ಯವಹಾರವನ್ನು ಹೊತ್ತ ಆ ತಂತ್ರಾಂಶಕ್ಕೆ ವರ್ಷಕ್ಕೆ ಬರುತ್ತಿದ್ದ ದಾನ ಸುಮಾರು 2000 ಡಾಲರು; ಪೂರ್ಣಕಾಲ ದುಡಿಯುತ್ತಿದ್ದವರು ಒಬ್ಬರು! 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಇನ್ನೊಂದು ತಂತ್ರಾಂಶದಲ್ಲಿ ಲೋಪ ಕಂಡಾಗಲೂ, ಲೋಕವೆಲ್ಲ ನಿದ್ದೆಗೆಟ್ಟು ಕಾದದ್ದು ಕೆಲವೇ ಮಂದಿ ಸ್ವಯಂಸೇವಕರ ತಿದ್ದುಪಡಿಗಾಗಿ.

2024ರಲ್ಲಿ ನಡೆದುದು ಇದಕ್ಕಿಂತ ಭಯಂಕರ. ಎಕ್ಸ್‌ಜೆಡ್ ಎಂಬ ಚಿಕ್ಕ ಉಪಕರಣವನ್ನು ಬಹುಕಾಲದಿಂದ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಅವರು ಬಳಲಿದ್ದನ್ನು ಕಂಡು, ಸಹಾಯಕನ ವೇಷದಲ್ಲಿ ಬಂದವನೊಬ್ಬನು ಎರಡು ವರ್ಷಕ್ಕೂ ಮೇಲ್ಪಟ್ಟು ನಂಬಿಕೆಯಿಂದ ದುಡಿದಂತೆ ನಟಿಸಿ, ಕೊನೆಗೆ ಅದರೊಳಗೆ ಕಳ್ಳಬಾಗಿಲನ್ನು ಇರಿಸಿದನು. ಮಾರ್ಚಿ ತಿಂಗಳ ಕೊನೆಯಲ್ಲಿ ಆಂಡ್ರೆಸ್ ಫ್ರೊಯಿಂಡ್ ಎಂಬ ಇಂಜಿನಿಯರು, ತಮ್ಮ ಯಂತ್ರದೊಳಕ್ಕೆ ಪ್ರವೇಶಿಸುವುದು ಅರ್ಧ ಸೆಕೆಂಡು ತಡವಾಗುತ್ತಿರುವುದೇಕೆಂದು ಬೆನ್ನುಹತ್ತಿ ಹೋಗಿ ಅದನ್ನು ಪತ್ತೆಮಾಡಿದರು. ಆ ಅರ್ಧ ಸೆಕೆಂಡನ್ನು ಅವರು ಅಲಕ್ಷಿಸಿದ್ದರೆ ಆಗಬಹುದಾಗಿದ್ದ ಅನರ್ಥವನ್ನು ನೆನೆದರೆ ಎದೆ ನಡುಗುತ್ತದೆ.

ನಮ್ಮ ಹಿರಿಯರು ಈ ಸಮಸ್ಯೆಯನ್ನು ಅರಿಯದವರಲ್ಲ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಕೆರೆಯ ನೀರು ಎಲ್ಲರಿಗೂ ಬೇಕಾಗಿತ್ತು. ತೂಬನ್ನು ಕಾಯುವ ಕೆಲಸ ನೀರಗಂಟಿಯದಾಗಿತ್ತು. ಅವನು ಊರಿನ ಸೇವಕನೆಂದು ಊರವರು ಬರಿಯ ಮಾತಿನ ಉಪಚಾರ ಮಾಡಿ ಕಳುಹಿಸಲಿಲ್ಲ. ಸುಗ್ಗಿಯಲ್ಲಿ ಕಣದಿಂದಲೇ ಅವನಿಗೆ ಆಯವನ್ನು ಅಳೆದು ಕೊಟ್ಟರು. ನೀರನ್ನು ಉಂಡವರು ಹೂಳೆತ್ತುವುದಕ್ಕೆ ಕೈಹಾಕಬೇಕೆಂಬ ಕಟ್ಟಳೆಯೂ ಇತ್ತು. ಇಂದಿನ ಗಣಕೋದ್ಯಮವು ಕೆರೆಯ ನೀರನ್ನು ಕುಡಿಯುತ್ತಿದೆ, ನೀರಗಂಟಿಯನ್ನು ಮರೆತಿದೆ. ಸೇವೆಯೂ ಬಿಟ್ಟಿಯೂ ಒಂದಲ್ಲ. ಮನಸಾರೆ ಕೊಟ್ಟದ್ದು ಸೇವೆ. ಕೊಡುತ್ತಾನೆಂದು ಕೊನೆಯಿಲ್ಲದೆ ಹಿಂಡಿಕೊಂಡದ್ದು ಬಿಟ್ಟಿ. ಬಿಟ್ಟಿ ಚಾಕರಿಯನ್ನು ಹಳ್ಳಿಗಳಿಂದ ಓಡಿಸಲು ಹೆಣಗಿದ ನಾಡಿನಲ್ಲಿ ಅದು ಗಣಕದ ಮುಂದೆ ಬಂದು ಕುಳಿತುಕೊಳ್ಳಬಾರದು.

ಎರಡನೆಯ ಲೋಪವು ಕೊಡುವವರ ಕಡೆಯದು. ಸಲಹೆಗಾರನೆಂಬ ಬಿರುದು ಇಂದು ಸುಲಭವಾಗಿ ದೊರೆಯುತ್ತದೆ. ಹೊಸ ಕಂಪೆನಿಗಳು ತಮ್ಮ ಸಲಹೆಗಾರರಿಗೆ ಷೇರುಗಳಲ್ಲಿ ಅಲ್ಪ ಭಾಗವನ್ನು ಕೊಡುವ ಪದ್ಧತಿಯುಂಟು. ಅದು ವ್ಯಾಪಾರ, ವ್ಯಾಪಾರವು ತಪ್ಪಲ್ಲ, ಅದನ್ನು ಸೇವೆಯೆಂದು ಕರೆದುಕೊಳ್ಳುವುದು ಮಾತ್ರ ತಪ್ಪು. ಸರ್ಕಾರದ ಸಮಿತಿಗಳಲ್ಲಿ ಈ ವಿವೇಚನೆ ಇನ್ನೂ ಅವಶ್ಯ. ಯಾವ ಇಲಾಖೆ ಯಾವ ಯಂತ್ರವನ್ನು ಕೊಳ್ಳಬೇಕು, ಪ್ರಜೆಗಳ ವಿವರಗಳು ಎಲ್ಲಿರಬೇಕು, ಶಾಲೆಯ ಮಕ್ಕಳಿಗೆ ಯಾವ ತಂತ್ರಾಂಶವನ್ನು ಕಲಿಸಬೇಕು ಎಂಬ ಸಲಹೆಯನ್ನು, ಅದೇ ಸಾಮಗ್ರಿಯನ್ನು ಮಾರುವ ಕಂಪೆನಿಯ ಅಧಿಕಾರಿಯಿಂದ ಉಚಿತವಾಗಿ ಪಡೆಯುವುದು ಅಗ್ಗವಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ಇಂಥ ಪ್ರಶ್ನೆ ನಮ್ಮ ದೇಶದಲ್ಲಿ ಆಗಲೇ ಎದ್ದಿದೆ. 2009ರಲ್ಲಿ ಕೇಂದ್ರ ಸರ್ಕಾರವು ಆಧಾರ್ ಸಂಖ್ಯೆಗಾಗಿ ಪ್ರಾಧಿಕಾರವೊಂದನ್ನು ಸ್ಥಾಪಿಸಿ, ಇನ್ಫೋಸಿಸ್ಸಿನ ಸ್ಥಾಪಕರಲ್ಲೊಬ್ಬರಾದ ಶ್ರೀ ನಂದನ ನಿಲೇಕಣಿಯವರನ್ನು ಅದಕ್ಕೆ ಅಧ್ಯಕ್ಷರನ್ನಾಗಿ ನೇಮಿಸಿತು. ಅದರ ತಾಂತ್ರಿಕ ಕೇಂದ್ರವು ಬೆಂಗಳೂರಿನಲ್ಲಿ ನೆಲೆಗೊಂಡಿತು. ಉದ್ಯಮದಲ್ಲಿದ್ದ ಕೆಲವರು ರಜೆ ಪಡೆದು, ಕೆಲವರು ಸಂಬಳವನ್ನೇ ಬಿಟ್ಟು ಅಲ್ಲಿ ದುಡಿದರು. ಅವರ ಸಾಮರ್ಥ್ಯವನ್ನೂ ಶ್ರಮವನ್ನೂ ಅಲ್ಲಗಳೆಯುವವರು ನಾವಲ್ಲ. ಆದರೆ ಆಮೇಲೆ ಅವರಲ್ಲಿ ಕೆಲವರು ಅದೇ ವ್ಯವಸ್ಥೆಯನ್ನು ಆಧರಿಸಿದ ಖಾಸಗಿ ಉದ್ಯಮಗಳನ್ನು ಪ್ರಾರಂಭಿಸಿದಾಗ, ಒಳಗೆ ಗಳಿಸಿದ ಅರಿವನ್ನು ಹೊರಗೆ ಲಾಭಕ್ಕೆ ಬಳಸಬಹುದೇ ಎಂಬ ಆಕ್ಷೇಪಣೆ ಹುಟ್ಟಿತು. ಅವರೆಲ್ಲರೂ ಶುದ್ಧಮನಸ್ಕರೇ ಎಂದಿಟ್ಟುಕೊಳ್ಳೋಣ. ಸೇವೆಗೆ ಸೇರುವ ದಿನವೇ ನಿಯಮಗಳು ಲಿಖಿತವಾಗಿ ಪ್ರಕಟವಾಗಿದ್ದರೆ ಅವರ ಶುದ್ಧಿಗೆ ಸಾಕ್ಷಿಯು ಸಿದ್ಧವಾಗಿರುತ್ತಿತ್ತು, ಸಂಶಯಕ್ಕೆ ಎಡೆಯಿರುತ್ತಿರಲಿಲ್ಲ. ಕಟ್ಟುಪಾಡು ಸಜ್ಜನರಿಗೆ ಅವಮಾನವೆಂದು ಹೇಳುವವರು ಇದನ್ನು ಮನಸ್ಸಿನಲ್ಲಿಡಬೇಕು.

ಮೂರನೆಯ ಲೋಪವು ಅಧಿಕಾರಿವರ್ಗಕ್ಕೆ ಸಂಬಂಧಿಸಿದ್ದು. ಸಮಿತಿಯನ್ನು ನೇಮಿಸುವುದೇ ಕಾರ್ಯಸಿದ್ಧಿಯೆಂದು ಬಗೆಯುವ ಅಭ್ಯಾಸವು ಕಚೇರಿಗಳಲ್ಲಿ ಬೇರೂರಿದೆ. ತಜ್ಞರು ಬರುತ್ತಾರೆ, ಚಹಾ ಕುಡಿಯುತ್ತಾರೆ, ವರದಿಯನ್ನು ಬರೆಯುತ್ತಾರೆ. ವರದಿಯು ಕಪಾಟಿನಲ್ಲಿ ಧೂಳು ತಿನ್ನುತ್ತದೆ. ಎರಡು ಬಾರಿ ಹೀಗಾದರೆ ಮೂರನೆಯ ಬಾರಿ ಯೋಗ್ಯರಾದವರು ಬರಲಾರರು; ಹೆಸರಿಗಾಗಿ ಬರುವವರು ಮಾತ್ರ ಉಳಿಯುತ್ತಾರೆ.

ಇದಕ್ಕೆ ಭಿನ್ನವಾದ ಮೇಲ್ಪಂಕ್ತಿಯು ನಮ್ಮ ಚರಿತ್ರೆಯಲ್ಲಿಯೇ ಇದೆ. 1911ರಲ್ಲಿ ಮೈಸೂರು ಸಂಸ್ಥಾನದಲ್ಲಿ ಆಗ ಚೀಫ್ ಇಂಜಿನಿಯರಾಗಿದ್ದ ಶ್ರೀ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಸಂಪದಭ್ಯುದಯ ಸಮಾಜವು ಸ್ಥಾಪಿತವಾಯಿತು. ವಿದ್ಯೆ, ವ್ಯವಸಾಯ, ಕೈಗಾರಿಕೆ ಮತ್ತು ವಾಣಿಜ್ಯಗಳಿಗೆ ಬೇರೆಬೇರೆ ಸಮಿತಿಗಳನ್ನು ರಚಿಸಿ, ಅಧಿಕಾರಿಗಳನ್ನೂ ಅಧಿಕಾರಿಗಳಲ್ಲದ ಮಹಾಜನರನ್ನೂ ಒಂದೇ ಮೇಜಿನ ಸುತ್ತ ಕೂರಿಸಿದರು. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕಿನ ಹಿಂದೆಯೂ 1915ರಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತಿನ ಹಿಂದೆಯೂ ಆ ಸಮಾಜದ ವಿಚಾರವಿನಿಮಯಗಳಿದ್ದವು. ಸಲಹೆಯು ಮಾತಿನಲ್ಲಿ ಮುಗಿಯದೆ ಸಂಸ್ಥೆಯಾಗಿ ನಿಂತಿತೆಂಬುದೇ ಅದರ ಹೆಚ್ಚಳ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕಾಗಿದೆ. ತಜ್ಞನು ತನ್ನ ವಿದ್ಯೆಯಿಂದಲೇ ಹೊಟ್ಟೆ ಹೊರೆಯುವವನು. ವಿದ್ಯೆಯನ್ನು ಉಚಿತವಾಗಿ ಕೊಟ್ಟರೆ ಅದೇ ಕೆಲಸವನ್ನು ನಂಬಿದ ಕಿರಿಯರ ಅನ್ನಕ್ಕೆ ಕಲ್ಲುಬೀಳುವುದಿಲ್ಲವೇ? ಬಿಡುವೂ ಬಂಡವಾಳವೂ ಇದ್ದವರು ಮಾತ್ರ ಸೇವೆಗೆ ಬಂದರೆ ಸಮಿತಿಗಳೆಲ್ಲ ಅನುಕೂಲಸ್ಥರ ಕೂಟಗಳಾಗುವುದಿಲ್ಲವೇ? ಆಕ್ಷೇಪಣೆಯಲ್ಲಿ ಹುರುಳಿದೆ. ಆದುದರಿಂದಲೇ ಒಂದು ಗೆರೆಯನ್ನು ಎಳೆಯಬೇಕು. ಯಾವುದರ ಫಲವು ಎಲ್ಲರಿಗೂ ಸಮಾನವಾಗಿ ಸಲ್ಲುತ್ತದೆಯೋ, ಲಿಪಿಯ ಸಂಕೇತ, ಸಾರ್ವಜನಿಕ ತಂತ್ರಾಂಶ, ಶಾಲೆಯ ಪಾಠ ಮುಂತಾದ ಅಂಥವಕ್ಕೆ ಉಚಿತ ಸೇವೆ ಸಲ್ಲಲಿ. ಯಾವುದರಿಂದ ಒಂದು ಕಂಪೆನಿಗೆ ಲಾಭವುಂಟೋ ಅದಕ್ಕೆ ಆ ಕಂಪೆನಿಯು ಹಣ ತೆರಲಿ. ಸರ್ಕಾರದ ಸಮಿತಿಗೆ ಮಂಗಳೂರಿನಿಂದಲೋ ಕಲಬುರಗಿಯಿಂದಲೋ ಬರುವ ಕಿರಿಯ ಇಂಜಿನಿಯರಿಗೆ ಪ್ರಯಾಣವೆಚ್ಚವನ್ನೂ ದಿನಭತ್ಯವನ್ನೂ ಕೊಡುವುದು ಕೃಪೆಯಲ್ಲ, ನ್ಯಾಯ.

ಆಗಬೇಕಾದುದೇನೆಂಬುದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ತಜ್ಞರು ಒಂದೇ ಕೆಲಸವನ್ನು ಹಿಡಿದು ಅದಕ್ಕೆ ಗೊತ್ತಾದ ಹೊತ್ತನ್ನು ಕೊಡಲಿ. ಹತ್ತು ಮಂಡಳಿಗಳಲ್ಲಿ ಹೆಸರಿಟ್ಟು ಒಂದರಲ್ಲಿಯೂ ಕೆಲಸಮಾಡದವರಿಗಿಂತ, ತಿಂಗಳಿಗೆ ನಾಲ್ಕು ಗಂಟೆಯನ್ನು ತಪ್ಪದೆ ಕೊಡುವವರು ಮೇಲು. ತಮಗೆ ಯಾವ ಕಂಪೆನಿಯಲ್ಲಿ ಸಂಬಳವಿದೆ, ಯಾವುದರಲ್ಲಿ ಷೇರಿದೆ ಎಂಬುದನ್ನು ಸೇರುವ ದಿನವೇ ಹೇಳಲಿ. ತಮ್ಮ ಲಾಭಕ್ಕೆ ಸಂಬಂಧಿಸಿದ ವಿಷಯ ಬಂದಾಗ ಎದ್ದು ಹೊರಗೆ ಹೋಗಲಿ. ತಮ್ಮ ಜಾಗಕ್ಕೆ ಬರತಕ್ಕ ಕಿರಿಯನನ್ನು ಮೊದಲಿನಿಂದಲೇ ಸಿದ್ಧಪಡಿಸಲಿ. ಒಬ್ಬರ ಹೆಗಲ ಮೇಲೆಯೇ ನಿಂತ ಕೆಲಸವು ಎಕ್ಸ್‌ಜೆಡ್ಡಿನ ಹಾದಿಯನ್ನು ಹಿಡಿಯುತ್ತದೆ.

ಕಂಪೆನಿಗಳ ಕರ್ತವ್ಯವು ಇದಕ್ಕಿಂತ ಕಿರಿದಲ್ಲ. 2013ರ ಕಂಪೆನಿ ಕಾಯಿದೆಯ 135ನೆಯ ಪ್ರಕರಣದ ಪ್ರಕಾರ ದೊಡ್ಡ ಕಂಪೆನಿಗಳು ತಮ್ಮ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಲೋಕೋಪಕಾರಕ್ಕೆ ವಿನಿಯೋಗಿಸಬೇಕು. ಕಾಯಿದೆಯು ಹಣವನ್ನು ಕೇಳಿತು. ಗಣಕೋದ್ಯಮದ ನಿಜವಾದ ಸಂಪತ್ತು ಅದರ ನೌಕರರ ಹೊತ್ತು ಮತ್ತು ಬುದ್ಧಿ. ಅನೇಕ ಕಂಪೆನಿಗಳ ಕರಾರುಗಳಲ್ಲಿ, ನೌಕರನು ಬಿಡುವಿನಲ್ಲಿ ಬರೆದ ತಂತ್ರಾಂಶವೂ ಕಂಪೆನಿಯದೇ ಎಂಬ ಮಾತಿರುತ್ತದೆ. ಇಂಥ ಕರಾರನ್ನು ಕೈಯಲ್ಲಿ ಹಿಡಿದು ಸ್ವಯಂಸೇವೆಯ ಮಹಿಮೆಯನ್ನು ವೇದಿಕೆಯ ಮೇಲೆ ಸಾರುವುದು ಸೊಗಸಲ್ಲ. ಲೋಕಕ್ಕೆ ಸೇರಿದ ತಂತ್ರಾಂಶಕ್ಕೆ ದುಡಿಯಲು ನೌಕರರಿಗೆ ಲಿಖಿತ ಅನುಮತಿಯನ್ನೂ ಕೆಲಸದ ವೇಳೆಯಲ್ಲಿಯೇ ಸ್ವಲ್ಪ ಅವಕಾಶವನ್ನೂ ಕಂಪೆನಿಗಳು ಕೊಡಬೇಕು. ತಾವು ಬಳಸುವ ಸಾರ್ವಜನಿಕ ತಂತ್ರಾಂಶಗಳ ಪಾಲಕರಿಗೆ ವರ್ಷವರ್ಷವೂ ಆಯವನ್ನು ಅಳೆದು ಕೊಡಬೇಕು.

ಸರ್ಕಾರದವರು ಪ್ರತಿಯೊಂದು ಸಲಹಾಸಮಿತಿಗೂ ಅವಧಿಯನ್ನು ಗೊತ್ತುಮಾಡಲಿ. ಅದರ ಸದಸ್ಯರ ಹಿತಾಸಕ್ತಿಗಳನ್ನೂ ಸಭೆಯ ನಡವಳಿಯನ್ನೂ ವರದಿಯನ್ನೂ ಕನ್ನಡದಲ್ಲಿ ಪ್ರಕಟಿಸಲಿ. ವರದಿ ಬಂದ ಆರು ತಿಂಗಳೊಳಗೆ ಯಾವ ಸಲಹೆಯನ್ನು ಒಪ್ಪಿದೆವು, ಯಾವುದನ್ನು ಬಿಟ್ಟೆವು, ಬಿಟ್ಟುದಕ್ಕೆ ಕಾರಣವೇನು ಎಂದು ಉತ್ತರಕೊಡಲಿ. ಸಲಹೆಯನ್ನು ತಿರಸ್ಕರಿಸುವ ಅಧಿಕಾರವು ಸರ್ಕಾರಕ್ಕೆ ಇದ್ದೇ ಇದೆ. ಉತ್ತರಕೊಡದಿರುವ ಅಧಿಕಾರವು ಪ್ರಜಾರಾಜ್ಯದಲ್ಲಿ ಯಾರಿಗೂ ಇಲ್ಲ. ಕನ್ನಡ ಲಿಪಿಗೆ ಸಂಬಂಧಿಸಿದ ಜಾಗತಿಕ ಚರ್ಚೆಗಳಲ್ಲಿ ನಮ್ಮ ವಿದ್ವಾಂಸರೂ ಇಂಜಿನಿಯರರೂ ಜೊತೆಯಾಗಿ ಭಾಗವಹಿಸುವಂತೆ ವಿಶ್ವವಿದ್ಯಾನಿಲಯಗಳ ಮೂಲಕ ಒಂದು ಖಾಯಂ ಏರ್ಪಾಡನ್ನು ಮಾಡುವುದು ದೊಡ್ಡ ಖರ್ಚಿನ ಬಾಬಲ್ಲ. ಶಾಸನವನ್ನು ಓದಬಲ್ಲವನಿಗೆ ಸಂಕೇತಗಳು ತಿಳಿಯವು, ಸಂಕೇತಗಳನ್ನು ಬಲ್ಲವನಿಗೆ ಶಾಸನವು ತಿಳಿಯದು. ಇಬ್ಬರನ್ನೂ ಒಂದುಗೂಡಿಸುವವರು ಬೇಕಾಗಿದ್ದಾರೆ.

ವಿದ್ಯೆಯು ಕೊಟ್ಟಷ್ಟೂ ಬೆಳೆಯುವ ಧನವೆಂದು ಹೇಳುತ್ತ ಬಂದವರು ನಾವು. ಬೆಳೆಯುವುದು ನಿಜ, ಆದರೆ ಬೆಳೆಗೆ ಬೇಲಿಯೂ ಬೇಕು, ನೀರೂ ಬೇಕು. ಬೆಂಗಳೂರಿನ ಗಣಕತಜ್ಞರಲ್ಲಿ ಸೇವೆಗೆ ಸಿದ್ಧವಾದ ಮನಸ್ಸುಗಳಿಗೆ ಬಡತನವಿಲ್ಲವೆಂಬುದನ್ನು ನಾವು ಬಲ್ಲೆವು. ಆ ಮನಸ್ಸುಗಳನ್ನು ಬಳಲಿಸದೆ, ಮಾರುಕಟ್ಟೆಯ ಮುಖವಾಡವಾಗಿಸದೆ, ಕಪಾಟಿನ ಧೂಳಿಗೆ ಈಡುಮಾಡದೆ ನಾಡಿನ ಕಾರ್ಯಕ್ಕೆ ಹೂಡುವ ಹೊಣೆಯು ಕಂಪೆನಿಗಳ, ಅಧಿಕಾರಿಗಳ ಮತ್ತು ತಜ್ಞರ ಮೇಲೆ ಸಮನಾಗಿ ಬಿದ್ದಿದೆ. ಮುಂದಿನ ಸಮಿತಿಯ ಆಜ್ಞೆಯು ಹೊರಡುವಾಗ ಅದರೊಡನೆ ಈ ಕಟ್ಟುಪಾಡುಗಳೂ ಹೊರಡಲೆಂದು ನಾವು ಅಪೇಕ್ಷಿಸುತ್ತೇವೆ.